ಎರಡು ಮದುವೆಗೆ ಒಂದೇ ಮಂಟಪ ಸಿಕ್ಕ ವರ್ಷ

ಹೋದ ತಿಂಗಳು ಪಕ್ಕದ ಮನೆಯವರ ಮೊಮ್ಮಗುವಿನ ನಾಮಕರಣಕ್ಕೆಂದು ಭದ್ರಾವತಿಯ ಓಲ್ಡ್ ಟೌನ್ ಕಡೆಯ ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ಅಲ್ಲಿ ಊಟದ ಹಾಲ್ ಕೆಳಗಡೆ ಇದೆ. ಮೆಟ್ಟಿಲಿಳಿಯುತ್ತಿದ್ದ ಹಾಗೆ, ನೀರು ಚಿಮುಕಿಸಿ ಒರೆಸಿದ ಬಾಳೆಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಏಳುವ ವಾಸನೆ ಬಂತು. ಆ ವಾಸನೆಗೆ ಯಾರಿಗಾದರೂ ಹಸಿವಾಗುತ್ತದೆ. ನನಗೆ ಹಸಿವಿನ ಜೊತೆಗೆ ನಗುವೂ ಬರುತ್ತದೆ. ಸಾಫ್ಟ್‌ವೇರ್ ಕೆಲಸ ಅಂದರೆ ಏನೆಂದು ನಾನು ನಿಜವಾಗಿ ಕಲಿತದ್ದು ಒಂದು ಮದುವೆಯ ಗಲಾಟೆಯಲ್ಲಿ. ಆ ಗಲಾಟೆ ಶುರುವಾದದ್ದು ಇದೇ ಮಂಟಪದಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ಅದಕ್ಕೆ ಮುಂಚೆ ನಾನು ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಆಗಿದ್ದೆ. ಮಗಳು ಹೈಸ್ಕೂಲಿಗೆ ಬಂದ ಮೇಲೆ ಬೇರೆ ಏನಾದರೂ ಮಾಡಬೇಕೆನ್ನಿಸಿ, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕನ್ನಡಕದ ಅಂಗಡಿಯೊಂದರ ಮೇಲಿದ್ದ ಸಣ್ಣ ಆಫೀಸಿಗೆ ಸೇರಿಕೊಂಡೆ. ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹತ್ತುವುದು, ಸಂಜೆ ವಾಪಸು ಬರುವುದು. ಆಫೀಸಿನಲ್ಲಿ ಇದ್ದದ್ದು ನಾಲ್ಕೇ ಜನ. ಆಫೀಸು ಕಟ್ಟಿದ ಶ್ರೀಧರ್ ಸರ್, ಕೋಡ್ ಬರೆಯುವ ಗಿರೀಶ ಮತ್ತು ಪ್ರಸನ್ನ, ಅವರು ಬರೆದದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವ ನಾನು. ಇಬ್ಬರೂ ನನಗಿಂತ ಚಿಕ್ಕವರು, ನನ್ನನ್ನು ಜಯಕ್ಕ ಎನ್ನುತ್ತಿದ್ದರು.

ನಮ್ಮದು ಕಲ್ಯಾಣ ಮಂಟಪಗಳಿಗೆ ಬೇಕಾದ ಸಾಫ್ಟ್‌ವೇರ್. ಯಾವ ದಿನ ಯಾರ ಮದುವೆ, ಎಷ್ಟು ರೂಮು, ಪಾತ್ರೆಗಳು ಎಷ್ಟು ಹೋದವು, ಎಷ್ಟು ವಾಪಸು ಬಂದವು, ಜನರೇಟರಿಗೆ ಡೀಸೆಲ್ ಇದೆಯೇ, ಎಲ್ಲ ಅದರಲ್ಲೇ. ಗಿರಾಕಿಗಳಲ್ಲಿ ದೊಡ್ಡವರು ರುದ್ರಪ್ಪನವರು. ಶಿವಮೊಗ್ಗದಲ್ಲಿ ಮೂರು, ಭದ್ರಾವತಿಯಲ್ಲಿ ಒಂದು ಮಂಟಪದ ಯಜಮಾನರು. ಅವರು ಬೇಡ ಅಂದರೆ ನಮ್ಮ ಆಫೀಸಿಗೆ ಬೀಗ.

ಆಗ ನಮ್ಮ ಕೆಲಸದ ವರ್ಷ ಪಂಚಾಂಗದ ಪ್ರಕಾರ ನಡೆಯುತ್ತಿತ್ತು. ಆಷಾಢದಲ್ಲಿ ಮದುವೆಗಳಿಲ್ಲ, ಮಂಟಪಗಳು ಖಾಲಿ. ಹಾಗಾಗಿ ವರ್ಷವಿಡೀ ಬರೆದದ್ದನ್ನೆಲ್ಲ ಒಟ್ಟು ಮಾಡಿ ಮಂಟಪಗಳ ಬಳಕೆಗೆ ಬಿಡುವ ಕೆಲಸ, ಅಂದರೆ ರಿಲೀಸ್, ಆಷಾಢದಲ್ಲೇ. ಗಿರೀಶ ತನ್ನ ಲ್ಯಾಪ್‌ಟಾಪಿನಲ್ಲಿ ತನ್ನ ಪಾಡಿಗೆ ಬರೆದಿರುತ್ತಿದ್ದ, ಪ್ರಸನ್ನ ತನ್ನದರಲ್ಲಿ. ಆಷಾಢ ಬಂದಾಗ ಇಬ್ಬರದ್ದನ್ನೂ ಕೂಡಿಸಬೇಕು. ಯಾವ ಫೈಲ್ ಮೊದಲು, ಯಾವುದು ಆಮೇಲೆ ಎನ್ನುವುದು ಗಿರೀಶನ ತಲೆಯಲ್ಲಿ ಮಾತ್ರ ಇತ್ತು. ಆ ವಾರ ಅವನು ಬರೀ ಮಜ್ಜಿಗೆ ಕುಡಿದುಕೊಂಡಿರುತ್ತಿದ್ದ, ಯಾರು ಮಾತಾಡಿಸಿದರೂ ಸಿಡುಕುತ್ತಿದ್ದ. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದೇ ಗುಂಡಿ ಒತ್ತಿ, ಒಂದೊಂದೇ ಪರದೆ ನೋಡಿ, ಸುಳ್ಳುಸುಳ್ಳೇ ನೂರಾರು ಮದುವೆಗಳನ್ನು ಬುಕ್ ಮಾಡಿ, ರದ್ದು ಮಾಡುತ್ತಿದ್ದೆ. ಆಷಾಢ ಕಳೆದ ಮೇಲೆ ಮತ್ತೆ ಮುಂದಿನ ಆಷಾಢದವರೆಗೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಮದುವೆ ಸೀಸನ್ನಿನಲ್ಲಿ ಕೈ ಹಾಕಬಾರದು ಎನ್ನುವುದು ಶ್ರೀಧರ್ ಸರ್ ಅವರ ಕಟ್ಟುನಿಟ್ಟು.

ಆ ವರ್ಷ ಗಿರೀಶ ಒಂದು ಒಳ್ಳೆಯ ಕೆಲಸ ಮಾಡಿದ್ದ. ನಮ್ಮ ಕಡೆ ಮದುವೆಯೆಂದರೆ ಹಿಂದಿನ ಸಂಜೆಯೇ ಬೀಗರು ಬಂದಿಳಿಯುತ್ತಾರೆ, ಮರುದಿನ ಮಧ್ಯಾಹ್ನದ ಊಟದವರೆಗೂ ಮಂಟಪ ಅವರದೇ. ಆ ಹೊತ್ತಿನೊಳಗೆ ಅದೇ ಮಂಟಪವನ್ನು ಇನ್ನೊಬ್ಬರಿಗೆ ಕೊಡದಂತೆ ತಡೆಯುವ ಕೋಡನ್ನು ಹೊಸದಾಗಿ ಬರೆದಿದ್ದ. ನಾನು ಪರೀಕ್ಷಿಸಿದಾಗ ಚೆನ್ನಾಗಿಯೇ ಕೆಲಸ ಮಾಡಿತು. ಅದರ ಮರುದಿನ ಪ್ರಸನ್ನನ ಪಾಲಿನ ಫೈಲುಗಳನ್ನು ಕೂಡಿಸಿದರು. ಅವನ ಹತ್ತಿರ ಅದೇ ಫೈಲಿನ ಹಳೆಯ ಪ್ರತಿ ಇತ್ತು. ಅದು ಹೊಸದರ ಮೇಲೆ ಹೋಗಿ ಕೂತಿತು. ತಡೆ ಮಾಯವಾಯಿತು. ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಪುಷ್ಯ ಮಾಸದಲ್ಲಿ. ಭದ್ರಾವತಿಯಲ್ಲಿ ಆ ದಿನಗಳಲ್ಲಿ ಬೆಳಿಗ್ಗೆ ಹೊಳೆಯ ಮೇಲೆ ಮಂಜು ಎಷ್ಟು ದಟ್ಟವಾಗಿರುತ್ತದೆಂದರೆ ಸೇತುವೆಯ ಆಚೆ ತುದಿ ಕಾಣುವುದಿಲ್ಲ. ಬಸ್ಸಿನಲ್ಲಿ ಕಿವಿಗೆ ಶಾಲು ಸುತ್ತಿಕೊಂಡು ಕೂತಿದ್ದೆ. ಮುರುಗೇಶ್ ಫೋನ್ ಮಾಡಿದರು. ಅವರು ರುದ್ರಪ್ಪನವರ ಭದ್ರಾವತಿ ಮಂಟಪದ ಮ್ಯಾನೇಜರ್. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿಯಲ್ಲೇ. ಗಾಬರಿಯಾದರೆ ಮಾತ್ರ ತಮಿಳು ಹೊರಗೆ ಬರುತ್ತಿತ್ತು. ಅವತ್ತು ಮೊದಲು ಎರಡು ವಾಕ್ಯ ತಮಿಳಿನಲ್ಲೇ ಹೇಳಿದರು. ಆಮೇಲೆ ಹೇಳಿದರು:

"ಮೇಡಂ, ಇಲ್ಲಿ ಎರಡು ಹೆಣ್ಣಿನ ಕಡೆಯೋರು ಬಂದು ನಿಂತಿದಾರೆ. ಗಂಡು ಬೇರೆ ಬೇರೆ, ತಾರೀಖು ಒಂದೇ."

ಹೂವಿನ ಅಲಂಕಾರಕ್ಕೆ ವೇದಿಕೆಯ ಅಳತೆ ತೆಗೆದುಕೊಳ್ಳಲು ಎರಡೂ ಮನೆಯವರು ಒಂದೇ ಬೆಳಿಗ್ಗೆ ಬಂದಿದ್ದರು. ಟೇಪಿನ ಆ ತುದಿ ಒಬ್ಬರು ಹಿಡಿದುಕೊಂಡಿದ್ದರೆ ಈ ತುದಿ ಇನ್ನೊಬ್ಬರು ಹಿಡಿದು ಸಹಾಯ ಮಾಡಿದರಂತೆ. ಮಾತಾಡುತ್ತ ಮಾತಾಡುತ್ತ, ನಿಮ್ಮದು ಯಾವತ್ತು ಎಂದು ಕೇಳಿದಾಗಲೇ ವಿಷಯ ಬಯಲಾದದ್ದು. ಒಬ್ಬರು ಭದ್ರಾವತಿಯಲ್ಲಿ ಬುಕ್ ಮಾಡಿದ್ದರು, ಇನ್ನೊಬ್ಬರು ಶಿವಮೊಗ್ಗದ ಆಫೀಸಿನಲ್ಲಿ. ಮದುವೆ ಮಾಘದಲ್ಲಿ. ಇಬ್ಬರೂ ಕಾರ್ಡ್ ಪ್ರಿಂಟ್ ಮಾಡಿಸಿ ಆಗಿತ್ತು.

ಮಧ್ಯಾಹ್ನ ರುದ್ರಪ್ಪನವರು ನಮ್ಮ ಆಫೀಸಿಗೆ ಬಂದರು. ತಂದಿಟ್ಟ ಚಹಾ ಮುಟ್ಟಲಿಲ್ಲ. ಕೂಗಾಡಲೂ ಇಲ್ಲ, ಕೂಗಾಡಿದ್ದರೆ ವಾಸಿ ಇತ್ತು. ಯುಗಾದಿಯವರೆಗೆ ನೋಡುತ್ತೇನೆ, ಅಷ್ಟರಲ್ಲಿ ಇಂಥದ್ದು ಇನ್ನೊಂದಾದರೆ ನಾಲ್ಕೂ ಮಂಟಪದಿಂದ ನಿಮ್ಮ ಸಾಫ್ಟ್‌ವೇರ್ ತೆಗೆಸುತ್ತೇನೆ ಎಂದು ಮೆಲ್ಲಗೆ ಹೇಳಿದರು. ಆಮೇಲೆ ತಾವೇ ಒಂದು ದಾರಿಯನ್ನೂ ಹೇಳಿದರು. ಅದೇ ದಿನ ಶಿವಮೊಗ್ಗದಲ್ಲಿ ಅವರ ದೊಡ್ಡ ಮಂಟಪ ಖಾಲಿ ಇತ್ತು. ಎರಡರಲ್ಲಿ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಇದ್ದಾರೆ, ಅವರನ್ನು ದೂರ ಕರೆದೊಯ್ಯುವ ಹಾಗಿಲ್ಲ. ಇನ್ನೊಂದು ಮನೆಯವರು ಒಪ್ಪಿದರೆ ಶಿವಮೊಗ್ಗಕ್ಕೆ ಬರಲಿ, ಭದ್ರಾವತಿಯಿಂದ ನೆಂಟರಿಷ್ಟರನ್ನು ಕರೆತರಲು ಬಸ್ಸು ತಮ್ಮ ಕಡೆಯಿಂದ. ಆದರೆ ಹೋಗಿ ಒಪ್ಪಿಸಬೇಕಾದವರು ನಾವು.

ಆ ಇನ್ನೊಂದು ಮನೆ ಓಲ್ಡ್ ಟೌನಿನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹಾಗಾಗಿ ನನ್ನನ್ನು ಕಳಿಸಿದರು. ಜೊತೆಗೆ ಗಿರೀಶ ಬಂದ. ದಾರಿಯುದ್ದಕ್ಕೂ ತಾನು ಅಷ್ಟು ಜತನದಿಂದ ಬರೆದದ್ದೇ ಕಾಣೆಯಾಯಿತಲ್ಲ ಎಂಬ ಸಂಕಟ ಅವನಿಗೆ.

ಮನೆಯ ಯಜಮಾನರು ನಾಗರಾಜಪ್ಪ. ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಿತಭಾಷಿ. ನಾವು ಹೇಳುವುದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡರು. ಶಿವಮೊಗ್ಗದ ಮಂಟಪ ದೊಡ್ಡದು, ಎಸಿ ಇದೆ, ಬಸ್ಸು ಬರುತ್ತದೆ ಎಂದೆಲ್ಲ ನಾನು ಹೇಳುತ್ತ ಹೋದೆ. ಅವರು ಬಾಗಿಲ ಕಡೆ ನೋಡುತ್ತ ಕೂತಿದ್ದರು.

"ನನ್ನ ಜೊತೆ ಕೆಲಸ ಮಾಡಿದೋರೆಲ್ಲ ಇಲ್ಲೇ ಸುತ್ತಮುತ್ತ ಇದಾರಮ್ಮ. ಈಗ ಯಾರಿಗೂ ಕಾಲು ಸರಿ ಇಲ್ಲ. ನಡ್ಕೊಂಡು ಬರ್ಲಿ ಅಂತ್ಲೇ ಆ ಮಂಟಪ ಹಿಡಿದಿದ್ದೆ" ಅಂದರು.

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಮದುಮಗಳು ವಿನುತಾ ಕತ್ತಿಗೆ ಹೆಡ್‌ಫೋನ್ ನೇತು ಹಾಕಿಕೊಂಡೇ ಹೊರಗೆ ಬಂದಳು. ಅವಳು ದೂರದ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು ಎನ್ನುವುದು ನಮಗಾಗ ಗೊತ್ತಿರಲಿಲ್ಲ. ಇದು ಹೇಗಾಯಿತು, ಬಿಡಿಸಿ ಹೇಳಿ ಎಂದಳು. ಹೆಣ್ಣುಮಗಳು ಅಳುತ್ತಾಳೇನೋ ಎಂದು ನನಗೆ ಹೆದರಿಕೆ. ಗಿರೀಶ ನೆಲ ನೋಡುತ್ತ, ತನ್ನ ಫೈಲು, ಪ್ರಸನ್ನನ ಫೈಲು, ಒಂದರ ಮೇಲೊಂದು ಕೂತದ್ದು, ಎಲ್ಲ ಹೇಳಿದ.

"ಅಂದ್ರೆ ವರ್ಷವೆಲ್ಲ ಬೇರೆ ಬೇರೆ ಬರೆದು, ಒಂದೇ ಸಲ ಕೂಡಿಸ್ತೀರಾ?" ಎಂದು ಕೇಳಿದಳು.

"ಹೌದು. ಆಷಾಢದಲ್ಲಿ" ಅಂದ ಗಿರೀಶ.

ವಿನುತಾ ಅಲ್ಲೇ ಹೊಸ್ತಿಲ ಹತ್ತಿರ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾಗರಾಜಪ್ಪ ಮಗಳಿಗೆ ಏನಾಯಿತೋ ಎಂದು ಎದ್ದು ನಿಂತರು. ನಗು ಕಡಿಮೆಯಾದ ಮೇಲೆ ಅವಳು ಹೇಳಿದ್ದು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ತನ್ನ ಕಂಪನಿಯಲ್ಲಿ ಅವಳ ಕೆಲಸವೇ ಅದಂತೆ. ಹತ್ತಾರು ಜನ ಬರೆದ ಕೋಡನ್ನು ಆಗಿಂದಾಗಲೇ ಕೂಡಿಸುತ್ತ, ಪರೀಕ್ಷಿಸುತ್ತ, ಬಳಕೆಗೆ ಬಿಡುತ್ತ ಇರುವ ಏರ್ಪಾಡನ್ನು ನೋಡಿಕೊಳ್ಳುವುದು. ಅಲ್ಲಿ ದಿನಕ್ಕೆ ಎಷ್ಟೋ ಸಲ ರಿಲೀಸ್ ಆಗುತ್ತದಂತೆ.

ಅವಳ ಗಂಡಿನ ಮನೆಯವರು ಶಿವಮೊಗ್ಗದವರೇ. ಹುಡುಗ ಅಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ಮಂಟಪ ಬದಲಾದರೆ ಆ ಕಡೆಯವರಿಗೆ ಅನುಕೂಲವೇ. ಅವಳು ತಂದೆಯ ಕಡೆ ತಿರುಗಿದಳು.

"ಶಿವಮೊಗ್ಗಕ್ಕೇ ಹೋಗೋಣ ಅಪ್ಪ. ನಿಮ್ಮೋರನ್ನೆಲ್ಲ ಮನೆ ಬಾಗಿಲಿಂದ ಕರ್ಕೊಂಡು ಬರೋ ಹಂಗೆ ಮಾಡ್ಸೋಣ. ಆದ್ರೆ ಇವ್ರು ಇನ್ಯಾರ ಮದುವೆಗೂ ಹಿಂಗೆ ಮಾಡ್ಬಾರ್ದು. ನಾನು ಹೇಳ್ಕೊಡ್ತೀನಿ, ಇವ್ರು ಕಲೀಬೇಕು."

"ನಿನ್ನ ಮದುವೆಗೆ ಇನ್ನು ತಿಂಗಳಿಲ್ಲ ಮಾರಾಯ್ತಿ" ಅಂದರು ನಾಗರಾಜಪ್ಪ. ಆದರೆ ಬೇಡ ಅನ್ನಲಿಲ್ಲ.

ಆ ಭಾನುವಾರ ನಮ್ಮ ಆಫೀಸಿಗೆ ಆಫೀಸೇ ಅವರ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತಿತು. ಹೊಸ ಮಂಟಪದ ವಿಳಾಸವಿದ್ದ ಚೀಟಿಗಳನ್ನು ಕಾರ್ಡುಗಳ ಮೇಲೆ ಅಂಟಿಸಬೇಕು. ಶ್ರೀಧರ್ ಸರ್ ಗೋಂದು ಹಚ್ಚುವುದು, ನಾನು ಅಂಟಿಸುವುದು, ಪ್ರಸನ್ನ ಒಣಗಲು ಹರಡುವುದು. ಮುರುಗೇಶ್ ಕೂಡ ಬಂದಿದ್ದರು, ತಪ್ಪು ತಮ್ಮದಲ್ಲದಿದ್ದರೂ. ವಿನುತಾಳ ಅಜ್ಜಿ ಒಗ್ಗರಣೆ ಅವಲಕ್ಕಿ ಕೊಟ್ಟರು. ಇವರೆಲ್ಲ ಯಾರು ಎಂದು ಅವರು ಕೇಳಿದಾಗ ವಿನುತಾ, ನಮ್ಮ ಮದುವೆಯನ್ನು ಇನ್ನೊಬ್ಬರಿಗೂ ಕೊಟ್ಟವರು ಎಂದು ಹೇಳಿದಳು. ಅಜ್ಜಿ ಏನು ಅರ್ಥ ಮಾಡಿಕೊಂಡರೋ, ಪ್ರಸನ್ನನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದರು.

ಚೀಟಿ ಅಂಟಿಸುತ್ತಲೇ ನಮ್ಮ ಮೊದಲ ಪಾಠ ಆಯಿತು. ಎಲ್ಲರ ಕೋಡೂ ಒಂದೇ ಕಡೆ ಇರಬೇಕು. ದಿನಕ್ಕೆ ಒಮ್ಮೆಯಾದರೂ ಪ್ರತಿಯೊಬ್ಬರೂ ತಾವು ಬರೆದ ಸ್ವಲ್ಪವನ್ನೇ ಅಲ್ಲಿಗೆ ಸೇರಿಸಬೇಕು. ಸೇರಿಸಿದ ತಕ್ಷಣ ಒಂದು ಯಂತ್ರ ತಾನಾಗಿ ಎಲ್ಲವನ್ನೂ ಜೋಡಿಸಿ, ಎಲ್ಲ ಪರೀಕ್ಷೆಗಳನ್ನೂ ನಡೆಸಿ, ಪಾಸಾದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸಬೇಕು. ಕೆಂಪು ಬಂದರೆ ಉಳಿದ ಕೆಲಸ ಬಿಟ್ಟು ಮೊದಲು ಅದನ್ನು ಸರಿಮಾಡಬೇಕು. ಹಸಿರಾದದ್ದು ಮೊದಲು ತಾಲೀಮಿಗೆಂದು ಇಟ್ಟ ಒಂದು ಪ್ರತಿಗೆ ಹೋಗಬೇಕು. ಅಲ್ಲಿ ನೋಡಿ ತೃಪ್ತಿಯಾದರೆ ಒಂದು ಗುಂಡಿ ಒತ್ತಿದರೆ ಸಾಕು, ಮಂಟಪಗಳಿಗೆ ತಲುಪಬೇಕು. ಈ ಸಾಲಿಗೆ ಪೈಪ್‌ಲೈನ್ ಅನ್ನುತ್ತಾರೆ ಎಂದಳು. ಮದುವೆ ಸೀಸನ್ನಿನಲ್ಲೂ ಒತ್ತಬಹುದಾ ಎಂದು ಶ್ರೀಧರ್ ಸರ್ ಗೋಂದಿನ ಕೈ ಹಾಗೇ ಎತ್ತಿ ಹಿಡಿದು ಕೇಳಿದರು. ಮುಹೂರ್ತದ ಹೊತ್ತಲ್ಲೂ ಒತ್ತಬಹುದು ಅಂದಳು.

ಅದಾದ ಮೇಲೆ ವಿನುತಾ ಬಿಡುವು ಸಿಕ್ಕಾಗಲೆಲ್ಲ ದುರ್ಗಿಗುಡಿಗೆ ಬರತೊಡಗಿದಳು. ಮನೆಯವರು ಅವಳನ್ನು ಸೀರೆ ಅಂಗಡಿಗಳಿಗೆ ಸುತ್ತಿಸುತ್ತಿದ್ದರು. ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಮೆಟ್ಟಿಲು ಹತ್ತುತ್ತಿದ್ದಳು. ಬಂದವಳೇ ಚೀಲಗಳನ್ನು ಮೂಲೆಗಿಟ್ಟು ಗಿರೀಶನ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಿದ್ದಳು. ಗಿರೀಶನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಇಷ್ಟು ವರ್ಷ ಅವನೊಬ್ಬನಿಗೇ ಗೊತ್ತಿದ್ದ ಕ್ರಮವನ್ನು ಅವಳು ಒಂದೊಂದಾಗಿ ಕೇಳಿ ಕೇಳಿ ಯಂತ್ರಕ್ಕೆ ಬರೆಯಿಸುತ್ತಿದ್ದಳು. ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ.

ಮುರುಗೇಶ್ ಮಂಟಪದ ಅಲಂಕಾರದಲ್ಲಿ ಉಳಿದ ಎರಡು ಸೀರಿಯಲ್ ಸೆಟ್ ದೀಪದ ಸರ ತಂದುಕೊಟ್ಟರು, ಒಂದು ಕೆಂಪು, ಒಂದು ಹಸಿರು. ಪ್ರಸನ್ನ ಅವನ್ನು ಗೋಡೆಗೆ ಕಟ್ಟಿ ಯಂತ್ರಕ್ಕೆ ಜೋಡಿಸಿಬಿಟ್ಟ. ಕೋಡ್ ಕೆಟ್ಟರೆ ಗೋಡೆಯೆಲ್ಲ ಕೆಂಪು ಮಿಣಮಿಣ. ಯಾರು ಕೆಡಿಸಿದರೋ ಅವರು ಸಂಜೆ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಬೇಕು ಎಂದು ಕಟ್ಟಳೆಯಾಯಿತು. ಮೊದಲ ವಾರವೆಲ್ಲ ಬಜ್ಜಿ ತಿಂದು ತಿಂದು ನನ್ನ ಹೊಟ್ಟೆ ಉರಿ. ಹೆಚ್ಚಿನ ಸಲ ತರಿಸಿದವನು ಗಿರೀಶ. ಕೆಳಗಿನ ಕನ್ನಡಕದ ಅಂಗಡಿಯವರು ಮೇಲೆ ಏನು ಹಬ್ಬ ಎಂದು ಕೇಳಿಕೊಂಡು ಬಂದಿದ್ದರು.

ನನಗೆ ಬೇರೆಯದೇ ಚಿಂತೆ. ಪರೀಕ್ಷೆಗಳನ್ನೆಲ್ಲ ಯಂತ್ರ ಮಾಡುವುದಾದರೆ ನಾನು ಯಾಕೆ? ಬೆಳಿಗ್ಗೆ ಬಸ್ಸು ಹತ್ತುವಾಗಲೇ ಆ ಯೋಚನೆ ಜೊತೆಗೆ ಹತ್ತುತ್ತಿತ್ತು. ಶಾಲೆಯ ಕೆಲಸ ಬಿಟ್ಟು ಬಂದಾಗಿತ್ತು. ಒಂದು ಸಂಜೆ ವಿನುತಾ, ನಾನು ಒಟ್ಟಿಗೆ ಭದ್ರಾವತಿ ಬಸ್ಸಿನಲ್ಲಿ ಬರುತ್ತಿದ್ದಾಗ ಕೇಳಿಯೇಬಿಟ್ಟೆ. ಅವಳು ಟಿಕೆಟ್ ತೆಗೆದುಕೊಂಡು, ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡ ಮೇಲೆ ಹೇಳಿದಳು:

"ನೀವು ಏನು ಕೇಳು ಅಂತೀರೋ ಯಂತ್ರ ಅದನ್ನೇ ಕೇಳೋದು ಅಕ್ಕ. ಏನು ಕೇಳ್ಬೇಕು ಅಂತ ಅದಕ್ಕೇನು ಗೊತ್ತು? ಅದು ಯಾವ ಮದುವೆಗೆ ಹೋಗಿದೆ?"

ಆ ಮಾತು ನನಗೆ ಎಲ್ಲಿಂದಲೋ ಧೈರ್ಯ ತಂದಿತು. ಅವಳ ಸಹಾಯದಿಂದ ಪರೀಕ್ಷೆಗಳನ್ನು ನಾನೇ ಬರೆಯಲು ಕಲಿತೆ. ಹೆಸರುಗಳನ್ನು ಕನ್ನಡದಲ್ಲೇ ಇಟ್ಟೆ. ಮೊದಲನೆಯದು, "ಒಂದೇ ಮಂಟಪಕ್ಕೆ ಎರಡು ಮದುವೆ ಬೇಡ." ಗಿರೀಶ ತನ್ನ ತಡೆಯನ್ನು ಮರಳಿ ಹಾಕಿ ಅದು ಹಸಿರಾದಾಗ ನನಗೆ ಮತ್ತೊಂದು ಹೊಳೆಯಿತು. ಅಕ್ಕತಂಗಿಯರ ಮದುವೆ ಒಂದೇ ದಿನ, ಒಂದೇ ಮಂಟಪದಲ್ಲಿ ಮಾಡುವವರಿದ್ದಾರಲ್ಲ? ಗಿರೀಶ, ಪ್ರಸನ್ನ ಇಬ್ಬರಿಗೂ ಅದು ಹೊಳೆದೇ ಇರಲಿಲ್ಲ. ನಸುಕಿನ ಮುಹೂರ್ತವಾದರೆ? ಮನೆಯಲ್ಲಿ ಸೂತಕ ಬಂದು ಮದುವೆ ಮುಂದಕ್ಕೆ ಹೋದರೆ, ರೂಮು ಬಿಟ್ಟುಕೊಟ್ಟು ಪಾತ್ರೆ ಬಿಟ್ಟುಕೊಡುವುದು ಮರೆತರೆ? ನಾನು ಕಂಡ ಮದುವೆಗಳೆಲ್ಲ, ಅಲ್ಲಿನ ಜಗಳಗಳೆಲ್ಲ, ಒಂದೊಂದಾಗಿ ಪರೀಕ್ಷೆಗಳಾದವು. ಅಷ್ಟು ದಿನ ನಾನು ಗುಂಡಿ ಒತ್ತುತ್ತಿದ್ದೆ. ಈಗ ಯೋಚನೆ ಮಾಡುತ್ತಿದ್ದೆ.

ಗಿರೀಶನ ಮನಸ್ಸು ತಿರುಗಿದ್ದು ಒಂದು ಮಧ್ಯಾಹ್ನ, ಎಲ್ಲರೂ ಊಟ ಮುಗಿಸಿ ಕೂತಿದ್ದಾಗ. ಪ್ರಸನ್ನ ತನ್ನ ಕೆಲಸ ಸೇರಿಸಿದ. ಸ್ವಲ್ಪ ಹೊತ್ತಿಗೆ ಗೋಡೆ ಕೆಂಪಾಯಿತು. ನೋಡಿದರೆ, ನಾನು ಬರೆದ ಮೊದಲನೆಯ ಪರೀಕ್ಷೆಯೇ ಕೂಗಿಕೊಂಡಿತ್ತು. ಪ್ರಸನ್ನ ಗೊತ್ತಿಲ್ಲದೆ ಗಿರೀಶನ ಆ ತಡೆಯನ್ನು ಮತ್ತೊಮ್ಮೆ ಅಳಿಸಿದ್ದ. ಎರಡು ಸಾಲು ಸರಿಮಾಡಿದ, ಗೋಡೆ ಹಸಿರಾಯಿತು. ಚಹಾ ಆರುವುದರೊಳಗೆ ಎಲ್ಲ ಮುಗಿದಿತ್ತು. ಗಿರೀಶ ಬಹಳ ಹೊತ್ತು ಆ ಹಸಿರು ದೀಪಗಳನ್ನೇ ನೋಡಿದ.

"ಆಷಾಢದಲ್ಲಿ ಇದು ಇದ್ದಿದ್ರೆ" ಎಂದ. ಅವತ್ತು ಕೆಡಿಸಿದ್ದು ಪ್ರಸನ್ನನಾದರೂ ಬಜ್ಜಿ ತರಿಸಿದವನು ಗಿರೀಶ. ಮರುದಿನ ವಿನುತಾ ಬಂದಾಗ ತಾನೇ ಕುರ್ಚಿ ಎಳೆದು ಕೊಟ್ಟ.

ಮದುವೆ ಹತ್ತಿರ ಬಂತು. ಬೆಳಗಿನ ಮಂಜು ತೆಳುವಾಗಿ, ಮಧ್ಯಾಹ್ನದ ಬಿಸಿಲು ಚುರುಗುಟ್ಟತೊಡಗಿತ್ತು. ಭದ್ರಾವತಿಯಿಂದ ಹೊರಡಲು ಮೂರು ಬಸ್ಸುಗಳು ಗೊತ್ತಾಗಿದ್ದವು. ಯಾವ ಬಸ್ಸು ಯಾವ ಬೀದಿಯ ತುದಿಗೆ ಎಷ್ಟು ಹೊತ್ತಿಗೆ ಬರುತ್ತದೆಂದು ಒಬ್ಬೊಬ್ಬರ ಮೊಬೈಲಿಗೂ ಆ ಬೆಳಿಗ್ಗೆ ಸಂದೇಶ ಹೋಗುವ ಹಾಗೆ ಪ್ರಸನ್ನ ಹೊಸ ಸೌಲಭ್ಯ ಬರೆದ. ಪೈಪ್‌ಲೈನ್ ಹಾದು ಮಂಟಪಗಳಿಗೆ ತಲುಪಿದ ನಮ್ಮ ಮೊದಲ ಹೊಸ ಕೆಲಸ ಅದು. ಗುಂಡಿ ಒತ್ತಿದವಳು ನಾನು. ಏನೂ ಆಗಲಿಲ್ಲ. ಏನೂ ಆಗದಿರುವುದು ಇಷ್ಟು ಸಂತೋಷ ಕೊಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಮದುವೆಯ ಬೆಳಿಗ್ಗೆ ನಾವು ನಾಲ್ವರೂ ಶಿವಮೊಗ್ಗದ ಮಂಟಪದಲ್ಲಿದ್ದೆವು. ಗಿರೀಶ ರೇಷ್ಮೆ ಪಂಚೆ ಉಟ್ಟಿದ್ದ, ಆದರೂ ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ನಾನು ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಂತಿದ್ದೆ. ಆಗ ಭದ್ರಾವತಿಯಿಂದ ಮುರುಗೇಶ್ ಫೋನ್ ಬಂತು. ಅಲ್ಲಿ ಅವರ ಮಂಟಪದಲ್ಲಿ ಆ ಇನ್ನೊಂದು ಮದುವೆ.

"ಮೇಡಂ, ನಾಗರಾಜಪ್ಪನೋರ ಸ್ನೇಹಿತರೆಲ್ಲ ಇಲ್ಲಿ ಕೂತು ಕೇಸರಿಬಾತ್ ತಿಂತಿದಾರೆ" ಅಂದರು.

ಆದದ್ದು ಇಷ್ಟು. ಮೊದಲ ಬಸ್ಸಿನವರಿಗೆ ಸಂದೇಶ ಹೋಗಿತ್ತು. ಬಸ್ಸಿನ ಜಾಗ, ಹೊತ್ತು ಎಲ್ಲ ಸರಿ. ಆದರೆ ಮಂಟಪದ ಹೆಸರಿನ ಜಾಗದಲ್ಲಿ ಹಳೆಯ ಬುಕಿಂಗಿನ ಹೆಸರು, ಭದ್ರಾವತಿಯದ್ದೇ, ಬಂದುಬಿಟ್ಟಿತ್ತು. ಮಂಟಪ ಬದಲಾದ ಮದುವೆಗೆ ಸಂದೇಶ ಕಳಿಸಿ ನೋಡಬೇಕೆಂದು ನಮಗ್ಯಾರಿಗೂ ತೋಚಿರಲಿಲ್ಲ. ಹಿರಿಯರು ಅದನ್ನು ಓದಿ, ಮತ್ತೆ ಇಲ್ಲೇ ಇಟ್ಟುಕೊಂಡರೇನೋ, ಇಷ್ಟಕ್ಕೆ ಬಸ್ಸು ಯಾಕೆ ಎಂದು ನಡೆದುಕೊಂಡೇ ಆ ಮಂಟಪಕ್ಕೆ ಹೋಗಿದ್ದಾರೆ. ಅಲ್ಲಿಯವರು ಬಂದವರನ್ನೆಲ್ಲ ಕೈಹಿಡಿದು ಕರೆದು ತಿಂಡಿಗೆ ಕೂರಿಸಿದ್ದಾರೆ. ಅವರನ್ನು ಬಸ್ಸಿಗೆ ಹತ್ತಿಸಿ ಕಳಿಸುವುದು ತಮ್ಮ ಜವಾಬ್ದಾರಿ ಎಂದರು ಮುರುಗೇಶ್. ಆದರೆ ಉಳಿದ ಎರಡು ಬಸ್ಸಿನವರಿಗೆ ಸಂದೇಶ ಹೋಗಲು ಇನ್ನು ಅರ್ಧ ಗಂಟೆಯೂ ಇರಲಿಲ್ಲ.

ನಾಗರಾಜಪ್ಪ ಗೇಟಿನ ಹತ್ತಿರ ನಿಂತು ರಸ್ತೆಯನ್ನೇ ನೋಡುತ್ತಿದ್ದರು. ಅವರಿಗೆ ಏನೂ ಹೇಳದೆ ನಾನು ಗಿರೀಶನನ್ನು ಮದುಮಗಳ ಕೋಣೆಯ ಹೊರಗಿನ ಪಡಸಾಲೆಗೆ ಎಳೆದುಕೊಂಡು ಹೋದೆ. ಅವನು ಪಂಚೆ ಮಡಚಿ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ಪ್ರಸನ್ನ ಪಕ್ಕದಲ್ಲಿ. ಶ್ರೀಧರ್ ಸರ್ ಅವರ ಹಿಂದೆ ನಿಂತಿದ್ದರು. ರುದ್ರಪ್ಪನವರು ಅದೇ ಮಂಟಪದಲ್ಲಿ, ಅಡುಗೆಯವರ ಜೊತೆ ಮಾತಾಡುತ್ತ ಓಡಾಡುತ್ತಿದ್ದರು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೂರ್ನಾಲ್ಕು ಹೆಂಗಸರು ವಿನುತಾಳ ಜಡೆಗೆ ಹೂ ಕಟ್ಟುತ್ತಿದ್ದರು. ಗುಸುಗುಸು ಅವಳ ಕಿವಿಗೆ ಬಿದ್ದಿರಬೇಕು. ಏನಾಯಿತೆಂದು ಕೇಳಿದಳು, ನಾನು ಹೇಳಿದೆ. ತಲೆ ಅಲ್ಲಾಡಿಸಲು ಆಗದೆ, ಕನ್ನಡಿ ನೋಡುತ್ತಲೇ ಅಲ್ಲಿಂದ ಅಂದಳು:

"ಗಿರೀಶಣ್ಣ, ಟೆಸ್ಟ್ ಮೊದಲು ಬರೀರಿ. ಆಮೇಲೆ ರಿಪೇರಿ."

"ಅದನ್ನೇ ಬರೀತಿದೀನಿ ಮಾರಾಯ್ತಿ" ಅಂದ ಗಿರೀಶ, ತಲೆ ಎತ್ತದೆ.

ಮಂಟಪ ಬದಲಾದ ಮದುವೆಯ ಸಂದೇಶದಲ್ಲಿ ಹೊಸ ಹೆಸರೇ ಇರಬೇಕು ಎಂಬ ಪರೀಕ್ಷೆ ಬರೆದ. ಕೆಂಪಾಯಿತು, ಆಗಲೇಬೇಕಿತ್ತು. ಆಮೇಲೆ ಕೋಡ್ ತಿದ್ದಿದ, ಸೇರಿಸಿದ. ಹೊರಗೆ ನಾದಸ್ವರದವರು ಶುರು ಮಾಡಿದ್ದರು. ಯಂತ್ರ ಒಂದೊಂದೇ ಪರೀಕ್ಷೆ ನಡೆಸುತ್ತ ಹೋಯಿತು. ನಾನು ಬರೆದ ಹೆಸರುಗಳು ಪರದೆಯ ಮೇಲೆ ಒಂದರ ಕೆಳಗೊಂದು ಹಸಿರಾಗುತ್ತ ಬಂದವು. ಎರಡು ಮದುವೆ ಬೇಡ, ಅಕ್ಕತಂಗಿಯರಾದರೆ ಪರವಾಗಿಲ್ಲ, ಸೂತಕ ಬಂದರೆ ಪಾತ್ರೆ ಬಿಡಿ. ಕೊನೆಯದು ಗಿರೀಶನದು, ಅದೂ ಹಸಿರು. ತಾಲೀಮಿನ ಪ್ರತಿಯಿಂದ ನನ್ನ ಮೊಬೈಲಿಗೇ ಒಂದು ಸಂದೇಶ ಕಳಿಸಿ ನೋಡಿದೆ. ಶಿವಮೊಗ್ಗದ ಮಂಟಪದ ಹೆಸರು ಬಂತು. ಶ್ರೀಧರ್ ಸರ್ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಒತ್ತಿದೆ.

ಎರಡನೆಯ, ಮೂರನೆಯ ಬಸ್ಸುಗಳು ತುಂಬಿಕೊಂಡು ಬಂದವು. ಎಲ್ಲಕ್ಕಿಂತ ಕೊನೆಗೆ ಮೊದಲನೆಯ ಬಸ್ಸು ಬಂತು, ಮುಂದಿನ ಸೀಟಿನಲ್ಲಿ ಮುರುಗೇಶ್. ಕೋಲೂರಿಕೊಂಡು, ಒಬ್ಬರ ಹೆಗಲು ಇನ್ನೊಬ್ಬರು ಹಿಡಿದುಕೊಂಡು ಹಿರಿಯರು ಇಳಿದರು. ಅವರಲ್ಲೊಬ್ಬರು ಗೇಟಿನಲ್ಲಿದ್ದ ನಾಗರಾಜಪ್ಪನವರ ಕೈ ಹಿಡಿದುಕೊಂಡು ಹೇಳಿದರು:

"ಅಲ್ಲಿ ಕೇಸರಿಬಾತ್ ಚೆನ್ನಾಗಿತ್ತು ಕಣೋ ನಾಗರಾಜ. ಇಲ್ಲಿ ಹೆಂಗಿದ್ಯೋ ನೋಡ್ಬೇಕು."

ವಿಷಯ ಗೊತ್ತಾಗಿ ನಾಗರಾಜಪ್ಪ ನಕ್ಕದ್ದನ್ನು ನಾನು ನೋಡಿದೆ. ಆ ಒಂದು ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ಮುಹೂರ್ತಕ್ಕೆ ಅವರ ಸ್ನೇಹಿತರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಗಿರೀಶ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡೇ ಹೋಗಿ ಅಕ್ಷತೆ ಹಾಕಿದ. ರುದ್ರಪ್ಪನವರಿಗೆ ಮುರುಗೇಶ್ ಎಲ್ಲವನ್ನೂ ಹೇಳಿಬಿಟ್ಟಿದ್ದರು, ಕೇಸರಿಬಾತ್ ಸಮೇತ. ಕೊನೆಯ ಪಂಕ್ತಿಯಲ್ಲಿ ನಾವು ಊಟಕ್ಕೆ ಕೂತಾಗ ಅವರು ಬಂದು ಎದುರು ನಿಂತರು. ಶ್ರೀಧರ್ ಸರ್ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ರುದ್ರಪ್ಪನವರು ಬಡಿಸುವವನನ್ನು ಕರೆದು, ಇವರಿಗೆ ಇನ್ನೊಂದೊಂದು ಹೋಳಿಗೆ ಹಾಕು ಎಂದು ಹೇಳಿ ಮುಂದೆ ಹೋದರು. ಯುಗಾದಿ ಬಂತು, ಹೋಯಿತು. ಅವರು ಆ ಮಾತು ಎತ್ತಲಿಲ್ಲ.

ಆ ಬೇಸಿಗೆ ಮದುವೆಗಳ ಸುಗ್ಗಿ. ಮಂಟಪದವರು ಬೆಳಿಗ್ಗೆ ಏನಾದರೂ ಬೇಕೆಂದರೆ ಸಂಜೆಯೊಳಗೆ ಅದು ಅವರ ಪರದೆಯ ಮೇಲೆ ಇರುತ್ತಿತ್ತು, ಒಮ್ಮೊಮ್ಮೆ ಊಟದ ಹೊತ್ತಿಗೇ. ನನ್ನ ಪರೀಕ್ಷೆಗಳು ಬೆಳೆಯುತ್ತ ಹೋದವು. ಗೋಡೆ ಕೆಂಪಾಗುವುದು ಕಡಿಮೆಯಾಗಿ ಬಜ್ಜಿಗೆ ಬರ ಬಂತು, ಆಮೇಲೆ ನಾವೇ ಬೇಕೆಂದು ತರಿಸಿಕೊಳ್ಳತೊಡಗಿದೆವು. ವಿನುತಾ ಶಿವಮೊಗ್ಗದಲ್ಲೇ ಮನೆ ಮಾಡಿದಳು. ಈ ಕಡೆ ಬಂದಾಗ ಗಂಡನನ್ನು ಕನ್ನಡಕದ ಅಂಗಡಿಯಲ್ಲಿ ಕೂರಿಸಿ ಮೇಲೆ ಬಂದು ಗೋಡೆ ನೋಡಿಕೊಂಡು ಹೋಗುತ್ತಿದ್ದಳು.

ವೈಶಾಖದಲ್ಲಿ, ನಾಲ್ಕೂ ಮಂಟಪ ತುಂಬಿದ್ದ ಒಂದು ವಾರ, ಗಿರೀಶ ಹೆಂಡತಿಯ ಜೊತೆ ಮುರ್ಡೇಶ್ವರಕ್ಕೆ ಹೋದ. ಎರಡು ದಿನ ಅಂತ ಹೇಳಿ ಹೋದವನು. ಮರುದಿನ ಮಧ್ಯಾಹ್ನ ಫೋನ್ ಮಾಡಿದ. ಅವನ ದನಿಯ ಹಿಂದೆ ಅಲೆಗಳ ಸದ್ದು ಕೇಳುತ್ತಿತ್ತು.

"ಎಲ್ಲ ಸರಿ ಇದೆಯಾ ಜಯಕ್ಕ?"

"ಬೆಳಿಗ್ಗೆಯಿಂದ ಮೂರು ರಿಲೀಸ್ ಆಯ್ತು" ಅಂದೆ. "ರೂಮಿಂದು, ಪಾತ್ರೆದು, ಇನ್ನೊಂದು ಜನರೇಟರ್‌ದು."

"ನಾನಿಲ್ದೇನಾ?"

"ನೀನಿಲ್ದೇನೇ."

ಅವನಿಗೆ ಬೇಜಾರಾಯಿತೇನೋ ಎಂದು ನಾನು ಅಳುಕುತ್ತಿರುವಾಗಲೇ, ಆ ಕಡೆಯಿಂದ ಅವನ ಹೆಂಡತಿ ನೀರಿಗೆ ಬನ್ನಿ ಎಂದು ಕರೆದದ್ದು ಕೇಳಿಸಿತು.

"ಹಂಗಾದ್ರೆ ನಾಳೆನೂ ಬರಲ್ಲ" ಎಂದು ಹೇಳಿ ಗಿರೀಶ ಫೋನ್ ಇಟ್ಟ.